ಹೋರಾಟ ಮುಗಿದ ಮೇಲಿನ ಸಿನಿಮಾ: ಅಮೆರಿಕದ ಡಿವಿಡಿಯನ್ನು ಮನೆಯಲ್ಲಿ ಸರಿಯಾಗಿ ನೋಡುವುದು ಹೇಗೆ

‘ನೈಟ್ ಕ್ಯಾಚಸ್ ಅಸ್’ ಅಂತ ಒಂದು ಸಿನಿಮಾ ಇದೆ. 2010ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಡಿಸೆಂಬರ್‌ನಲ್ಲಿ ಅಮೆರಿಕದ ಒಂದಷ್ಟು ಥಿಯೇಟರ್‌ಗಳಿಗೆ ಬಂತು. 2011ರಲ್ಲಿ ಡಿವಿಡಿ ಮತ್ತು ಬ್ಲೂ-ರೇ ಬಂದವು. ನಿರ್ದೇಶಕಿ ತಾನ್ಯಾ ಹ್ಯಾಮಿಲ್ಟನ್. ಜಮೈಕಾದಲ್ಲಿ ಹುಟ್ಟಿದವರು, ಇದು ಅವರ ಮೊದಲ ಪೂರ್ಣ ಚಿತ್ರ. ಮುಖ್ಯ ಪಾತ್ರಗಳಲ್ಲಿ ಆಂಥನಿ ಮ್ಯಾಕಿ ಮತ್ತು ಕೆರಿ ವಾಷಿಂಗ್ಟನ್ ಇದ್ದಾರೆ. ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಚಳವಳಿಯಲ್ಲಿ ಇದ್ದವರು ಅದರ ಕಾವು ಆರಿದ ಮೇಲೆ ಹೇಗೆ ಬದುಕಿದರು ಅನ್ನೋದು ಕಥೆ. ಸುಮಾರು ಒಂದೂವರೆ ಗಂಟೆ, ಅಷ್ಟೇ.

ನಾನು ಶಿವಮೊಗ್ಗದಲ್ಲಿ ವಿಡಿಯೋ ಲೈಬ್ರರಿ ಇಟ್ಟಿದ್ದವನು. ಕ್ಯಾಸೆಟ್‌ನಿಂದ ಶುರು, ಆಮೇಲೆ ವಿಸಿಡಿ, ಆಮೇಲೆ ಡಿವಿಡಿ. ಅಂಗಡಿ ಮುಚ್ಚಿದೆ, ಡಿಸ್ಕ್‌ಗಳು ಮನೆಯ ಬೀರುವಿನಲ್ಲಿವೆ. ಭಾನುವಾರ ಸಂಜೆ ನಾಲ್ಕು ಜನ ಸ್ನೇಹಿತರು ಬಂದರೆ ಒಂದನ್ನು ಹಾಕುತ್ತೇನೆ. ಈ ಚಿತ್ರ ನೋಡಿದವರು ಆಮೇಲೆ “ನಮಗೂ ತರಿಸಿಕೊಡಿ, ನಮ್ಮ ಮನೆಯಲ್ಲಿ ಹಾಕಿದರೆ ಬರ್ತಾನೇ ಇಲ್ಲ” ಅಂತ ಕೇಳುತ್ತಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಡಿಸ್ಕ್ ಕೊಳ್ಳಬೇಕು

ಡಿವಿಡಿ ಕೊಳ್ಳಿ. ಬ್ಲೂ-ರೇ ಬೇಡ. ಚಿತ್ರ ಬ್ಲೂ-ರೇಯಲ್ಲೇ ಹೆಚ್ಚು ಸ್ಪಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಂದರೆ ಬೇರೆ ಕಡೆ ಇದೆ. ಸಿನಿಮಾ ಕಂಪನಿಗಳು ಪ್ರಪಂಚವನ್ನು ವಲಯಗಳಾಗಿ ಹಂಚಿಕೊಂಡಿವೆ. ಡಿವಿಡಿಯಲ್ಲಿ ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಭಾರತ ‘ಸಿ’. ಅಲ್ಲಿಯ ವಲಯಕ್ಕೆ ಕಟ್ಟಿದ ಡಿಸ್ಕ್ ಇಲ್ಲಿಯ ವಲಯದ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಪರದೆ ಮೇಲೆ ವಲಯ ತಪ್ಪು ಅಂತ ಒಂದು ಸಾಲು ಬಂದು ನಿಂತುಬಿಡುತ್ತದೆ. ಡಿವಿಡಿ ಪ್ಲೇಯರ್‌ಗೆ ಈ ಬೀಗ ತೆಗೆಯೋದು ಸುಲಭ. ಬ್ಲೂ-ರೇ ಪ್ಲೇಯರ್‌ಗೆ ಕಷ್ಟ, ಕೆಲವಕ್ಕೆ ಆಗೋದೇ ಇಲ್ಲ.

ನಮ್ಮಲ್ಲಿ ಮಾರಾಟವಾದ ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್‌ಗಳು ಎಷ್ಟೋ ಎಲ್ಲಾ ವಲಯಕ್ಕೂ ತೆರೆದೇ ಇರುತ್ತವೆ. ದೊಡ್ಡ ಬ್ರ್ಯಾಂಡ್‌ಗಳಲ್ಲಿ ಬೀಗ ಇರೋದು ಜಾಸ್ತಿ. ಅದಕ್ಕೆ ರಿಮೋಟ್‌ನಲ್ಲಿ ಒತ್ತುವ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಪ್ಲೇಯರ್‌ನ ಹಿಂಭಾಗದಲ್ಲಿರುವ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ. ಪಕ್ಕದ ಮಾಡೆಲ್‌ನ ಸಂಖ್ಯೆ ನಿಮ್ಮದಕ್ಕೆ ಕೆಲಸ ಮಾಡುತ್ತೆ ಅಂತ ಅಂದುಕೊಳ್ಳಬೇಡಿ.

ಹಳೇ ಡಿಸ್ಕ್ ಮಾರುವವರಿಂದ ಕೊಳ್ಳುವಾಗ ಹಿಂಬದಿಯ ಫೋಟೋ ಕೇಳಿ. ಹೊಳೆಯುವ ಬದಿ. ಮುಂಬದಿ ಚೆನ್ನಾಗಿದ್ದರೆ ಏನೂ ಅರ್ಥವಿಲ್ಲ. ಒಮ್ಮೆ ಒಬ್ಬ ಮಾರಾಟಗಾರ ‘ಹೊಸದರ ಹಾಗಿದೆ’ ಅಂತ ಕಳಿಸಿದ ಡಿಸ್ಕ್ ಬೆಕ್ಕು ಪರಚಿದ ಹಾಗಿತ್ತು. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಒಳಗಿನಿಂದ ಹೊರಗೆ ನೇರವಾಗಿ ಹೋದ ಗೀರಿಗೆ ಹೆದರಬೇಡಿ. ಸುತ್ತಲೂ ವೃತ್ತದ ಹಾಗೆ ಹೋದ ಗೀರು ಅಪಾಯ. ಡಿಸ್ಕ್ ಒರೆಸುವಾಗಲೂ ಇದೇ ಲೆಕ್ಕ: ಮೆತ್ತನೆ ಹತ್ತಿ ಬಟ್ಟೆ, ನಡುವಿನಿಂದ ಅಂಚಿನ ಕಡೆ ನೇರವಾಗಿ. ಸುತ್ತ ಉಜ್ಜಬೇಡಿ.

ಅಮೆರಿಕದಲ್ಲಿ ಮಗಳೋ ಅಣ್ಣನ ಮಗನೋ ಇದ್ದರೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಲಿ. ಆದರೆ “ಪ್ಲೇಯರನ್ನೂ ಅಲ್ಲಿಂದಲೇ ತಂದುಬಿಡು” ಅಂತ ಹೇಳುವ ಮೊದಲು ಒಂದು ನೋಡಿ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲೇಯರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಸರಿ. ಬರೀ 120 ಅಂತಿದ್ದರೆ ಇಲ್ಲಿಯ ಪ್ಲಗ್ಗಿಗೆ ಹಾಕಿದ ಕೂಡಲೇ ಸುಟ್ಟ ವಾಸನೆ ಬರುತ್ತೆ.

ಲ್ಯಾಪ್‌ಟಾಪ್‌ನಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರ್‌ನ ಡಿವಿಡಿ ಡ್ರೈವ್ ವಲಯ ಬದಲಾಯಿಸಲು ಐದೇ ಸಲ ಬಿಡುತ್ತದೆ. ಐದನೆಯದು ಯಾವುದೋ ಅದೇ ಕೊನೆಗೂ ಉಳಿಯುತ್ತದೆ. ಕಂಪ್ಯೂಟರ್ ‘ವಲಯ ಬದಲಿಸಲೇ?’ ಅಂತ ಕೇಳಿದ ಕೂಡಲೇ ಒಪ್ಪಿಕೊಳ್ಳಬೇಡಿ. ಮೊದಲು ವಿಎಲ್‌ಸಿ ಅನ್ನೋ ಉಚಿತ ವಿಡಿಯೋ ತಂತ್ರಾಂಶದಲ್ಲಿ ತೆರೆದು ನೋಡಿ. ಎಷ್ಟೋ ಡ್ರೈವ್‌ಗಳಲ್ಲಿ ಅದು ವಲಯ ಕೇಳದೆ ಓಡಿಸುತ್ತದೆ.

ಟಿವಿ ಮತ್ತು ಸದ್ದು

ಟಿವಿ ಚಿತ್ರಕ್ಕೆ ಎರಡು ಪದ್ಧತಿ: ಅಮೆರಿಕದ ಡಿಸ್ಕ್ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಹಳೇ ಡಬ್ಬಿ ಟಿವಿ ಇದ್ದ ಕಾಲದಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಮೇಲೆ ಕೆಳಗೆ ಉರುಳುತ್ತಿತ್ತು. ಈಗಿನ ಎಲ್‌ಇಡಿ ಟಿವಿಗಳಿಗೆ ಎರಡೂ ಒಂದೇ. ಅದರ ಚಿಂತೆ ಬಿಡಿ.

ಚಿಂತೆ ಮಾಡಬೇಕಾದ್ದು ಬಣ್ಣದ ಬಗ್ಗೆ. ಅಂಗಡಿಯಿಂದ ತಂದ ಟಿವಿಯಲ್ಲಿ ಚಿತ್ರ ‘ವಿವಿಡ್’ ಅನ್ನೋ ಸ್ಥಿತಿಯಲ್ಲೇ ಇರುತ್ತದೆ, ಅಲ್ವಾ? ಕ್ರಿಕೆಟ್‌ಗೆ ಚೆಂದ. ಈ ಚಿತ್ರಕ್ಕೆ ಶತ್ರು. ಇದರಲ್ಲಿ ಮನೆಯ ಒಳಗಿನ, ಮಬ್ಬು ಬೆಳಕಿನ ದೃಶ್ಯಗಳು ತುಂಬ. ತೆರೆ ಮೇಲಿರುವವರಲ್ಲಿ ಹೆಚ್ಚಿನವರು ಕಪ್ಪು ಮೈಬಣ್ಣದವರು. ವಿವಿಡ್ ಸ್ಥಿತಿ ನೆರಳನ್ನೆಲ್ಲ ನುಂಗಿ ಮುಖಗಳನ್ನು ಬರೀ ಆಕಾರ ಮಾಡಿಬಿಡುತ್ತದೆ. ಕಥೆಯ ಅರ್ಧ ಆ ಮುಖಗಳಲ್ಲೇ ಇದೆ. ‘ಸಿನಿಮಾ’ ಅಥವಾ ‘ಮೂವಿ’ ಸ್ಥಿತಿಗೆ ತನ್ನಿ. ಮೊದಲ ಐದು ನಿಮಿಷ ಹಳದಿಯಾಗಿ, ಮಂಕಾಗಿ ಕಾಣುತ್ತೆ. ಕಣ್ಣು ಹೊಂದಿಕೊಳ್ಳಲಿ. ಚಲನೆ ನುಣುಪು ಮಾಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಆಕಾರ 16:9 ಇರಲಿ. ಜೂಮ್ ಮಾಡಿ ಪರದೆ ತುಂಬಿಸಬೇಡಿ.

ಸದ್ದಿನ ವಿಷಯದಲ್ಲಿ ಬರುವ ದೂರು ಒಂದೇ: “ಹಾಡು ಜೋರು, ಮಾತು ಕೇಳಲ್ಲ.” ಡಿಸ್ಕ್‌ನಲ್ಲಿ ಆರು ಸ್ಪೀಕರ್‌ಗೆ ಹಂಚಿದ ಸದ್ದು ಇರುತ್ತದೆ, ಮಾತು ನಡುವಿನ ಸ್ಪೀಕರ್‌ಗೆ. ನಮ್ಮ ಟಿವಿಗೆ ಎರಡೇ ಸ್ಪೀಕರ್. ಡಿಸ್ಕ್‌ನ ಮೆನುವಿನಲ್ಲಿ ಸ್ಟೀರಿಯೋ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಪ್ಲೇಯರ್‌ನ ಆಡಿಯೋ ಸೆಟಪ್‌ನಲ್ಲಿ ಪಿಸಿಎಂ ಮತ್ತು ಸ್ಟೀರಿಯೋ ಅಂತ ಮಾಡಿ. ಸದ್ದೇ ಬರದಿದ್ದರೂ ಇದೇ ಮದ್ದು. ಸಂಗೀತವನ್ನು ಮಾತ್ರ ಕಡಿಮೆ ಮಾಡಬೇಡಿ. ಅದು ಫಿಲಡೆಲ್ಫಿಯಾದ್ದೇ ಆದ ‘ದಿ ರೂಟ್ಸ್’ ತಂಡದ್ದು. ಆ ತಂಡದ ಗಾಯಕ ತಾರಿಕ್ ಟ್ರಾಟರ್ ನಾಯಕನ ಅಣ್ಣತಮ್ಮನ ಪಾತ್ರವನ್ನೂ ಮಾಡಿದ್ದಾರೆ.

ಮಳೆಗಾಲದಲ್ಲಿ ನೋಡುವುದಾದರೆ ಪ್ಲೇಯರನ್ನೂ ಇನ್ವರ್ಟರ್ ಲೈನಿಗೆ ಹಾಕಿ. ಬರೀ ಟಿವಿ ಹಾಕಿದರೆ ಸಾಲದು. ಕರೆಂಟ್ ಹೋಗಿ ಬಂದರೆ ಕೆಲವು ಪ್ಲೇಯರ್ ಮತ್ತೆ ಮೊದಲಿಂದ ಶುರು ಮಾಡುತ್ತವೆ.

ಹಾಕುವ ಮೊದಲು ಹತ್ತು ನಿಮಿಷದ ಮಾತು

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನ ಇಲ್ಲ. ಚಿತ್ರ ಏನನ್ನೂ ವಿವರಿಸಿ ಹೇಳುವುದಿಲ್ಲ. ನಡುನಡುವೆ ಪ್ಯಾಂಥರ್‌ಗಳ ಹಳೇ ಸುದ್ದಿಚಿತ್ರದ ತುಣುಕುಗಳು ಬರುತ್ತವೆ, ಹೋಗುತ್ತವೆ. ಏನೂ ಗೊತ್ತಿಲ್ಲದೆ ಕೂತವರಿಗೆ ‘ಇವರೆಲ್ಲ ಯಾಕೆ ಹೀಗೆ ಮುಖ ಗಂಟು ಹಾಕಿಕೊಂಡಿದ್ದಾರೆ’ ಅನ್ನಿಸುತ್ತದೆ. ಆದ್ದರಿಂದ ಟೀ ಕುಡಿಯುವಾಗಲೇ ಇಷ್ಟು ಹೇಳಿಬಿಡಿ.

ಬ್ಲ್ಯಾಕ್ ಪ್ಯಾಂಥರ್ ಪಕ್ಷ ಶುರುವಾದದ್ದು 1966ರ ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಕಟ್ಟಿದವರು ಹ್ಯೂಯಿ ನ್ಯೂಟನ್, ಬಾಬಿ ಸೀಲ್. ಕಪ್ಪು ಟೊಪ್ಪಿ, ಕಪ್ಪು ಜಾಕೆಟ್, ಕೈಯಲ್ಲಿ ಬಂದೂಕು. ಈ ಫೋಟೋ ಎಲ್ಲರೂ ನೋಡಿದ್ದಾರೆ. ಅದೇ ಪಕ್ಷ 1969ರ ಜನವರಿಯಲ್ಲಿ ಓಕ್‌ಲ್ಯಾಂಡ್‌ನ ಒಂದು ಚರ್ಚಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಉಚಿತ ತಿಂಡಿ ಕೊಡಲು ಶುರು ಮಾಡಿತು ಅನ್ನೋದು ಕಡಿಮೆ ಜನಕ್ಕೆ ಗೊತ್ತು. ಇದನ್ನು ಒತ್ತಿ ಹೇಳಿ. ಚಿತ್ರದ ನಾಯಕಿ ಪೆಟ್ರೀಷಿಯಾ ಈಗ ವಕೀಲೆ. ಆದರೂ ಕೇರಿಯ ಮಕ್ಕಳೆಲ್ಲ ಅವಳ ಮನೆಯಲ್ಲೇ. ಅವಳು ಬಂದೂಕು ಬಿಟ್ಟು ತಿಂಡಿಯ ತಟ್ಟೆ ಹಿಡಿದುಕೊಂಡವಳು ಅಂತ ನಾನು ನೋಡುತ್ತೇನೆ.

ಎರಡನೆಯದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ. ‘ಕೋಇಂಟೆಲ್‌ಪ್ರೊ’ ಅನ್ನೋ ಗುಪ್ತ ಕಾರ್ಯಾಚರಣೆ 1956ರಿಂದ 1971ರವರೆಗೆ ನಡೆಯಿತು. ಸಂಘಟನೆಗಳ ಒಳಗೆ ತಮ್ಮವರನ್ನು ಬಿಡುವುದು, ಸುಳ್ಳು ಪತ್ರ ಬರೆದು ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಹುಟ್ಟಿಸುವುದು ಅದರ ಕೆಲಸ. ಕಪ್ಪು ಜನರ ಸಂಘಟನೆಗಳ ವಿರುದ್ಧ ಒಪ್ಪಿಗೆ ಪಡೆದ 295 ಕಾರ್ಯಾಚರಣೆಗಳಲ್ಲಿ 233 ಪ್ಯಾಂಥರ್‌ಗಳ ಮೇಲೆಯೇ ಅಂತ ಆಮೇಲೆ ಸೆನೆಟ್ ಸಮಿತಿ ಲೆಕ್ಕ ಕೊಟ್ಟಿತು. 1969ರ ಡಿಸೆಂಬರ್ 4ರ ಬೆಳಗಿನ ಜಾವ ಶಿಕಾಗೋದಲ್ಲಿ ಪೊಲೀಸರು ನುಗ್ಗಿ ಫ್ರೆಡ್ ಹ್ಯಾಂಪ್ಟನ್ ಅವರನ್ನು ಕೊಂದರು. ವಯಸ್ಸು 21. ಅವರ ಮನೆಯ ನಕ್ಷೆಯನ್ನು ಎಫ್‌ಬಿಐಗೆ ಕೊಟ್ಟವನು ಅವರ ಜೊತೆಯಲ್ಲೇ ಇದ್ದವನು. ಇಷ್ಟು ಹೇಳಿದರೆ ಸಾಕು. ಚಿತ್ರದಲ್ಲಿ ನಾಯಕ ಮಾರ್ಕಸ್ ಊರಿಗೆ ಬಂದಾಗ ಹಳೇ ಗೆಳೆಯರು ಯಾಕೆ ಅವನ ಮುಖ ನೋಡಲ್ಲ ಅನ್ನೋದು ತಾನಾಗಿ ತಿಳಿಯುತ್ತದೆ.

ಈ ಗುಟ್ಟು ಹೊರಬಂದದ್ದು ಹೇಗೆ ಅನ್ನೋದನ್ನೂ ಹೇಳಿ, ಕೇಳುವವರು ಕಿವಿ ನೆಟ್ಟಗೆ ಮಾಡುತ್ತಾರೆ. 1971ರ ಮಾರ್ಚ್ 8. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವಿನ ಮೊದಲ ಪಂದ್ಯದ ರಾತ್ರಿ. ದೇಶವೆಲ್ಲ ಆ ಗುಂಗಿನಲ್ಲಿತ್ತು. ಆಗ ಫಿಲಡೆಲ್ಫಿಯಾ ಹತ್ತಿರದ ಮೀಡಿಯಾ ಅನ್ನೋ ಸಣ್ಣ ಊರಿನ ಎಫ್‌ಬಿಐ ಕಚೇರಿಗೆ ಕೆಲವು ಸಾಮಾನ್ಯ ನಾಗರಿಕರು ಕನ್ನ ಹಾಕಿದರು. ಕಡತಗಳನ್ನು ಹೊತ್ತುಕೊಂಡು ಹೋಗಿ ಪತ್ರಿಕೆಗಳಿಗೆ ಕಳಿಸಿದರು.

ಮೂರನೆಯದು ಊರು. ಕಥೆ ನಡೆಯೋದು 1976ರ ಬೇಸಿಗೆಯಲ್ಲಿ, ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ. ಆ ವರ್ಷ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ. ಸ್ವಾತಂತ್ರ್ಯದ ಘೋಷಣೆಗೆ ಸಹಿ ಬಿದ್ದ ಊರೇ ಅದು. ಜಿಮ್ಮಿ ಕಾರ್ಟರ್ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ವರ್ಷವೂ ಹೌದು. ರೇಡಿಯೋದಲ್ಲಿ ಆ ದನಿ ಬಂದರೆ ಗಮನಿಸಿ. ಊರಿನ ಮೇಯರ್ ಫ್ರ್ಯಾಂಕ್ ರಿಜೊ. ಮೊದಲು ಪೊಲೀಸ್ ಕಮಿಷನರ್ ಆಗಿದ್ದವರು. ಅವರ ಪೊಲೀಸರು 1970ರ ಆಗಸ್ಟ್ 31ರಂದು ಪ್ಯಾಂಥರ್ ಕಚೇರಿಗಳ ಮೇಲೆ ದಾಳಿ ಮಾಡಿ, ಹುಡುಗರನ್ನು ಬೀದಿಯಲ್ಲಿ ಗೋಡೆಗೆ ನಿಲ್ಲಿಸಿ ಬಟ್ಟೆ ಬಿಚ್ಚಿಸಿದರು. ಆ ಫೋಟೋ ಪತ್ರಿಕೆಯಲ್ಲಿ ಬಂತು. ಆ ಗೋಡೆಗೆ ನಿಂತ ವಯಸ್ಸಿನವರೇ ಆರು ವರ್ಷದ ಮೇಲೆ ಈ ಚಿತ್ರದಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ ಅಂತ ಓಡಾಡುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸಿ. ಪಕ್ಷ 1982ರವರೆಗೆ ಹೇಗೋ ಉಳಿದುಕೊಂಡಿತ್ತು, ಆಮೇಲೆ ಫಿಲಡೆಲ್ಫಿಯಾದಲ್ಲೇ 1985ರಲ್ಲಿ ಪೊಲೀಸರು ‘ಮೂವ್’ ಅನ್ನೋ ಬೇರೊಂದು ಗುಂಪಿನ ಮನೆಯ ಮೇಲೆ ಹೆಲಿಕಾಪ್ಟರ್‌ನಿಂದ ಬಾಂಬ್ ಹಾಕಿ 11 ಜನ ಸತ್ತರು. ಇದನ್ನೆಲ್ಲ ಚಿತ್ರ ಮುಗಿದ ಮೇಲೆ ಹೇಳಿ.

ಕನ್ನಡದ ಸಬ್‌ಟೈಟಲ್ ಬೇಕೇ?

ಮನೆಯಲ್ಲಿ ವಯಸ್ಸಾದವರಿದ್ದರೆ ಬೇಕು. ಎಪ್ಪತ್ತರ ದಶಕದ ಫಿಲಡೆಲ್ಫಿಯಾದ ಮಾತು ಇಂಗ್ಲಿಷ್ ಬಲ್ಲವರಿಗೂ ಪೂರ್ತಿ ಹತ್ತುವುದಿಲ್ಲ. ಡಿಸ್ಕ್‌ನ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಸಣ್ಣ ಸಣ್ಣ ಚಿತ್ರಗಳಾಗಿ ಇರುತ್ತದೆ. ಅದನ್ನು ತೆಗೆದು ತಿದ್ದುವುದು ತಲೆನೋವು. ನೀವೇ ಹೊಸದಾಗಿ ಒಂದು ಎಸ್‌ಆರ್‌ಟಿ ಫೈಲ್ (ಮಾತು ಮತ್ತು ಅದು ಬರುವ ಸಮಯ ಇರುವ ಸಾದಾ ಅಕ್ಷರದ ಫೈಲ್) ಬರೆಯೋದು ವಾಸಿ. ‘ಸಬ್‌ಟೈಟಲ್ ಎಡಿಟ್’ ಅನ್ನೋ ಉಚಿತ ತಂತ್ರಾಂಶ ಸಾಕು.

ಎಲ್ಲ ಮಾತನ್ನೂ ಬರೆಯಲು ಹೋಗಬೇಡಿ. ಕನ್ನಡದ ಸಾಲು ಉದ್ದವಾಗುತ್ತದೆ, ಓದಿ ಮುಗಿಸುವಷ್ಟರಲ್ಲಿ ದೃಶ್ಯ ಹೋಗಿರುತ್ತದೆ. ಒಂದು ಸಲಕ್ಕೆ ಎರಡು ಸಾಲು, ಅದಕ್ಕಿಂತ ಜಾಸ್ತಿ ಬೇಡ. ತೀರಾ ಸಣ್ಣ ಮಾತಿಗೂ ಒಂದು ಸೆಕೆಂಡು ಪರದೆ ಮೇಲೆ ಇರಲಿ. ಮಾತಾಡುವವರ ಸಂಬಂಧ ನೋಡಿ ನೀನು, ನೀವು ಹಾಕಿ. ಪೊಲೀಸ್ ಅಧಿಕಾರಿ ಮಾರ್ಕಸ್‌ಗೆ ‘ನೀನು’ ಅಂದೇ ಮಾತಾಡುತ್ತಾನೆ. ಪೆಟ್ರೀಷಿಯಾಳ ಮಗಳು ಐರಿಸ್ ಅವನಿಗೆ ‘ನೀವು’ ಅಂತ ಶುರು ಮಾಡಿ ಆಮೇಲೆ ‘ನೀನು’ಗೆ ಬಂದರೆ ಚೆಂದ. ನಾನು ಹಾಗೆ ಮಾಡಿದ್ದೇನೆ. ಒಬ್ಬರಿಗೂ ಅದು ಕಾಣಲಿಲ್ಲ, ಇರಲಿ.

ಫೈಲನ್ನು ಉಳಿಸುವಾಗ ಯುಟಿಎಫ್-8 ಅನ್ನೋ ಅಕ್ಷರ ಸಂಕೇತ ಆರಿಸಿ. ವಿಎಲ್‌ಸಿಯ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಆರಿಸಿ. ಇಲ್ಲದಿದ್ದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಪೆನ್‌ಡ್ರೈವ್‌ಗೆ ಹಾಕಿ ನೇರ ಟಿವಿಗೆ ಚುಚ್ಚಿದರೆ ಹೆಚ್ಚಿನ ಟಿವಿಗಳು ಕನ್ನಡವನ್ನು ಸರಿಯಾಗಿ ತೋರಿಸುವುದಿಲ್ಲ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಿ. ಮಾತು ಮತ್ತು ಅಕ್ಷರ ಸ್ವಲ್ಪ ಹಿಂದೆ ಮುಂದೆ ಆದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿ ಒತ್ತಿ ಸರಿಮಾಡಬಹುದು. ಆದರೆ ಶುರುವಿನಲ್ಲಿ ಸರಿಯಿದ್ದು ಬರ್ತಾ ಬರ್ತಾ ದೂರ ಹೋದರೆ ಕಾರಣ ಬೇರೆ. ಯೂರೋಪಿನ ಪಾಲ್ ಡಿಸ್ಕ್ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತದೆ. ಅಮೆರಿಕದ ಡಿಸ್ಕ್‌ಗೆ ಮಾಡಿದ ಫೈಲ್ ಅದಕ್ಕೆ ಹಾಕಿದರೆ ಕೊನೆಗೆ ಮೂರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ. ಆಗ ಫೈಲಿನ ಫ್ರೇಮ್ ದರವನ್ನೇ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ) ಬದಲಿಸಬೇಕು.

ಈ ಫೈಲ್ ನಿಮ್ಮ ಮನೆಯಲ್ಲೇ ಇರಲಿ. ಅನುವಾದದ ಹಕ್ಕೂ ಚಿತ್ರದ ಮಾಲೀಕರದ್ದೇ.

ಯಾರನ್ನು ಕರೆಯಬೇಕು, ಏನು ಮಾತಾಡಬೇಕು

ಚಿಕ್ಕ ಮಕ್ಕಳನ್ನು ಬೇಡ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ ಕೊಟ್ಟಿದ್ದಾರೆ. ಗುಂಡೇಟು, ಬೈಗುಳ ಎರಡೂ ಇವೆ. ಹೈಸ್ಕೂಲು ದಾಟಿದವರು ಕೂರಬಹುದು.

ಚಳವಳಿಯಲ್ಲಿ ಓಡಾಡಿದ ಹಿರಿಯರು ಯಾರಾದರೂ ಇದ್ದರೆ ತಪ್ಪದೆ ಕರೆಯಿರಿ. ನಮ್ಮ ಕಡೆ ಅಂಥವರು ಇನ್ನೂ ಇದ್ದಾರೆ. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮೊದಲಾದವರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ತಂದದ್ದೇ ಅಮೆರಿಕದ ಪ್ಯಾಂಥರ್‌ಗಳಿಂದ. ಎರಡೇ ವರ್ಷದಲ್ಲಿ ಅದರೊಳಗೆ ಒಡಕು ಬಂತು. ನಮ್ಮಲ್ಲಿ 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ಗಲಾಟೆ ಆಯಿತು. ಅದರ ಹಿಂದೆಯೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಅದರಲ್ಲಿ ಮುಂದೆ ನಿಂತ ಪ್ರೊ. ಬಿ. ಕೃಷ್ಣಪ್ಪ ಪಾಠ ಮಾಡುತ್ತಿದ್ದದ್ದು ನಮ್ಮ ಭದ್ರಾವತಿಯಲ್ಲೇ. ಆ ಸಂಘಟನೆಯೂ ಮುಂದೆ ಹೋಳಾಯಿತು. ಹಾಗಾಗಿ ಇದನ್ನು ದೂರದ ದೇಶದ ಕಥೆ ಅಂತ ನೋಡಬೇಕಾದ್ದಿಲ್ಲ. ಹಾಗಂತ ಎರಡೂ ಒಂದೇ ಅಂತಲೂ ಹೇಳಬೇಡಿ. ಅಲ್ಲಿಯ ಪೊಲೀಸರು, ಅಲ್ಲಿಯ ಬಂದೂಕಿನ ಕಾನೂನು, ಅಲ್ಲಿಯ ಕೇರಿ ಎಲ್ಲ ಬೇರೆ.

ನಮ್ಮ ಗುಂಪಿನಲ್ಲಿ ಎಪ್ಪತ್ತರ ದಶಕದಲ್ಲಿ ಊರೂರು ತಿರುಗಿ ಸಭೆ ಮಾಡಿದ ಹಿರಿಯರೊಬ್ಬರಿದ್ದಾರೆ. ಅರ್ಧ ಚಿತ್ರ ಆಗುವಾಗ ಕೇಳಿದರು: “ಇದರಲ್ಲಿ ಒಂದು ಮೀಟಿಂಗೂ ಇಲ್ಲವಲ್ಲ ಮಾರಾಯಾ?” ಮುಗಿದ ಮೇಲೆ ಅವರೇ ಹೇಳಿದರು: “ಮೀಟಿಂಗ್ ಮುಗಿದ ಮೇಲೆ ಕುರ್ಚಿ ಎತ್ತಿಡೋರ ಕಥೆ ಇದು.” ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶೆಯೂ ಹೇಳಿದ್ದು ನಾನು ಕಂಡಿಲ್ಲ.

ಚರ್ಚೆ ಶುರುವಾದ ಕೂಡಲೇ ಯಾರಾದರೂ “ಹಾಗಾದರೆ ಪೊಲೀಸರಿಗೆ ಹೇಳಿದ್ದು ಯಾರು, ಯಾಕೆ?” ಅಂತ ಹಿಡಿದುಕೊಳ್ಳುತ್ತಾರೆ. ಚಿತ್ರದಲ್ಲಿ ಅದಕ್ಕೆ ಉತ್ತರ ಇದೆ. ನಾನಿಲ್ಲಿ ಹೇಳುವುದಿಲ್ಲ. ಆದರೆ ಅಲ್ಲೇ ಸಿಕ್ಕಿಕೊಂಡರೆ ಇದು ಪತ್ತೇದಾರಿ ಸಿನಿಮಾ ಆಗಿಬಿಡುತ್ತದೆ. ಮಾತನ್ನು ಐರಿಸ್ ಕಡೆ ತಿರುಗಿಸಿ. ಅಪ್ಪ ಪೊಲೀಸರ ಗುಂಡಿಗೆ ಸತ್ತದ್ದು ಅವಳಿಗೆ ಗೊತ್ತು. ಹೇಗೆ ಅನ್ನೋದನ್ನು ಯಾರೂ ಹೇಳಿಲ್ಲ. ಅವಳು ತಾನೇ ಗೋಡೆಯ ಕಾಗದ ಕಿತ್ತು ನೋಡುತ್ತಾಳೆ, ಅದರ ಹಿಂದೆ ಗುಂಡಿನ ತೂತುಗಳು. ಅಮ್ಮ ಅದೇ ಮನೆಯಲ್ಲಿ, ಅದರ ಮೇಲೆ ಕಾಗದ ಅಂಟಿಸಿಕೊಂಡು ವರ್ಷಗಟ್ಟಲೆ ಬದುಕಿದ್ದಾಳೆ. ಮನೆ ಬಿಟ್ಟು ಹೋಗಬೇಕಿತ್ತೇ? ಮಗಳಿಗೆ ಹೇಳಬೇಕಿತ್ತೇ? ಈ ಎರಡು ಪ್ರಶ್ನೆ ಕೇಳಿ ಸುಮ್ಮನೆ ಕೂತುಕೊಳ್ಳಿ, ಮಾತು ತಾನಾಗಿ ನಡೆಯುತ್ತದೆ.

ಇನ್ನೊಂದು ಪಾತ್ರ ಜಿಮ್ಮಿ, ಪೆಟ್ರೀಷಿಯಾಳ ಚಿಕ್ಕ ವಯಸ್ಸಿನ ಸಂಬಂಧಿ. ಖಾಲಿ ಡಬ್ಬಿ ಆಯ್ದು ಬದುಕುವ ಹುಡುಗ. ಪ್ಯಾಂಥರ್‌ಗಳ ಕಾಲ ಅವನು ಕಂಡದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಅವನ ಕೈಗೆ ಸಿಗುವುದು ಅವರ ಕಾಮಿಕ್ ಪುಸ್ತಕ, ಅದರ ಚಿತ್ರಗಳು ಪರದೆಯ ಮೇಲೆ ಓಡಾಡುತ್ತವೆ. ಹಿರಿಯರು ತಿಂಡಿ ಹಂಚಿದ್ದು ಅವನಿಗೆ ತಲುಪಿಲ್ಲ, ಬಂದೂಕು ಮಾತ್ರ ತಲುಪಿದೆ. ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಕಾಡಿದ್ದು ಅವನೇ. ಕೂತವರಲ್ಲಿ ಕಾಲೇಜು ಹುಡುಗರಿದ್ದರೆ ಜಿಮ್ಮಿಯ ಬಗ್ಗೆ ಅವರೇ ಮೊದಲು ಮಾತಾಡಲಿ.

ಸಂಘದ ಸಭಾಂಗಣದಲ್ಲಿ ತೋರಿಸುವ ಆಸೆ ಇದ್ದರೆ ಡಿಸ್ಕ್ ಹಿಡಿದುಕೊಂಡು ಹೋಗಬೇಡಿ. ಕೊಂಡ ಡಿಸ್ಕ್ ಮನೆಯಲ್ಲಿ ನೋಡುವುದಕ್ಕೆ. ಸಾರ್ವಜನಿಕ ಪ್ರದರ್ಶನಕ್ಕೆ ಹಂಚಿಕೆದಾರರ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಚಿತ್ರವನ್ನು ಬಿಡುಗಡೆ ಮಾಡಿದ್ದು ಮ್ಯಾಗ್ನೋಲಿಯಾ ಪಿಕ್ಚರ್ಸ್. ದಿನಾಂಕ, ಜಾಗ, ಎಷ್ಟು ಜನ ಬರಬಹುದು ಅನ್ನೋದನ್ನು ಬರೆದು ಮೊದಲೇ ಕೇಳಿ.

ನೋಡಿ ಆದಮೇಲೆ ಡಿಸ್ಕನ್ನು ಟಿವಿ ಮೇಲೆ ಇಟ್ಟು ಮಲಗಬೇಡಿ. ಅದರ ಡಬ್ಬಿಗೆ ಹಾಕಿ, ನಿಲ್ಲಿಸಿ ಇಡಿ, ಮಲಗಿಸಿ ಪೇರಿಸಬೇಡಿ. ಮಲೆನಾಡಿನವರು ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೂನ್ ಬಂದರೆ ಮುಖಪುಟದ ಕಾಗದಕ್ಕೇ ಮೊದಲು ಬೂಷ್ಟು ಹಿಡಿಯುತ್ತೆ. ಯಾರಾದರೂ ಎರವಲು ಕೇಳಿದರೆ ಕೊಡಿ. ಆದರೆ ಹೆಸರು, ತಾರೀಕು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸ್ನೇಹಿತರಾದರೆ ಇನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ, ವಾಪಸ್ ಕೊಡದವರು ಅವರೇ.